ಹಳೇ ಡಿಸ್ಕಿನೊಳಗಿನ ಒಡಪು

ನನ್ನ ಕಂಪ್ಯೂಟರ್ ಸತ್ತದ್ದು ನವರಾತ್ರಿಯ ಹೊತ್ತಿಗೆ. ತೊಂಬತ್ತರ ದಶಕದ ಕೊನೆಯ ಮಾತು. ನಿಪ್ಪಾಣಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಲಗ್ನಪತ್ರಿಕೆ ಟೈಪ್ ಮಾಡಿಕೊಡುವ ಅಂಗಡಿ ಇಟ್ಟಿದ್ದೆ. ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿ. ಕರೆಂಟು ಹೋಗಿ ಬಂದು, ಹೋಗಿ ಬಂದು, ಒಂದು ಮಧ್ಯಾಹ್ನ ಪೆಟ್ಟಿಗೆ ಟಪ್ಪೆಂದು ಸುಮ್ಮನಾಯಿತು. ಹೋದರೆ ಹೋಗಲಿ ಎನ್ನಬಹುದಿತ್ತು. ಆದರೆ ಅದರ ಹಾರ್ಡ್ ಡಿಸ್ಕಿನಲ್ಲಿ ನಮ್ಮ ಅತ್ತೆಯ ಒಡಪುಗಳಿದ್ದವು.

ಗಂಡನ ಹೆಸರನ್ನು ನೇರ ಹೇಳದೆ ಪ್ರಾಸದ ಎರಡು ಸಾಲಿನಲ್ಲಿ ಸುತ್ತಿ ಹೇಳುವುದು ಒಡಪು. ಅದರಲ್ಲಿ ಅತ್ತೆಯನ್ನು ಮೀರಿಸುವವರು ಇತ್ತ ಭೋಜದಿಂದ ಅತ್ತ ಅಂಕಲಿಯವರೆಗೆ ಯಾರೂ ಇರಲಿಲ್ಲ. ಕನ್ನಡಕ್ಕೆ ಕನ್ನಡ, ಮರಾಠಿಗೆ ಮರಾಠಿ. ನನ್ನ ನಾದಿನಿಯ ಮದುವೆಗೆ ಬರುವ ಮುತ್ತೈದೆಯರಿಗೆಲ್ಲ ಸ್ಟೀಲ್ ಬಟ್ಟಲಿನ ಬದಲು ಒಡಪಿನ ಪುಸ್ತಕ ಕೊಡಬೇಕೆಂದು ಹಟ ಹಿಡಿದಿದ್ದರು. ಶ್ರಾವಣದುದ್ದಕ್ಕೂ ಸೊಪ್ಪು ಸೋಸುತ್ತ ಅವರು ಹೇಳಿದರು, ನಾನು ಟೈಪ್ ಮಾಡಿದೆ. ಫ್ಲಾಪಿಯಲ್ಲಿಯೂ ಒಂದು ಪ್ರತಿ ಇಟ್ಟಿದ್ದೆ. ನಮ್ಮೂರ ತಂಬಾಕಿನ ಧೂಳು ಅದನ್ನು ಮೊದಲೇ ತಿಂದು ಹಾಕಿತ್ತು.

"ಮತ್ತೊಮ್ಮೆ ಹೇಳ್ರಿ ಅತ್ತಿ," ಅಂದೆ.

"ಯವ್ವಾ, ಬಾಯಿಗೆ ಬಂದಾಗ ಬರತಾವ ಅವು. ಕರದ್ರ ಬರಾಕ ಅವೇನ ಕೋಳಿ ಏನ? ನಿನ್ನ ಡಬ್ಬಿಗೆ ಕೊಟ್ಟ ಮ್ಯಾಲ ನನ್ನ ತಲಿ ಖಾಲಿ ಆಗೈತಿ."

ನಗುತ್ತಲೇ ಅಂದರು. ಆದರೆ ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಹೊಸ ಕಂಪ್ಯೂಟರ್ ತರಿಸಿದೆವು. ಚಿಕ್ಕೋಡಿಯಿಂದ ಬಂದ ರಿಪೇರಿಯವನು ಹಳೆಯ ಪೆಟ್ಟಿಗೆಯಿಂದ ಡಿಸ್ಕ್ ಬಿಚ್ಚಿ ಮೇಜಿನ ಮೇಲಿಟ್ಟು, ಹಬ್ಬ ಮುಗಿಸಿ ಬಂದು ಹೊಸದಕ್ಕೆ ಜೋಡಿಸುತ್ತೇನೆಂದು ಹೋದ. ಮರುದಿನ ಖಂಡೇನವಮಿ. ಕುಡುಗೋಲಿನಿಂದ ಹೊಲಿಗೆ ಯಂತ್ರದವರೆಗೆ ಎಲ್ಲಕ್ಕೂ ಪೂಜೆ. ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಅತ್ತೆ ಡಿಸ್ಕನ್ನೂ ದೇವರ ಜಗಲಿಯ ಮೇಲೆ ಕೂಡಿಸಿ, ಅರಿಷಿಣ ಕುಂಕುಮ ಕಲಸಿ ಮೈತುಂಬ ಹಚ್ಚಿ, ಮೇಲೊಂದು ಚೆಂಡು ಹೂ ಏರಿಸಿದ್ದರು.

"ಅತ್ತಿ! ಏನ ಮಾಡೀರಿ ಇದು!"

"ಯಾಕ? ಹುಲ್ಲ ಕೊಯ್ಯೂ ಕುಡುಗೋಲಿಗೆ ಮಾಡತೀವಿ, ನನ್ನ ಒಡಪ ಇಟಗೊಂಡ ಕುಂತದ್ದಕ್ಕ ಬ್ಯಾಡೇನ?"

ಸಿಟ್ಟು ನೆತ್ತಿಗೇರಿತು. ಹಬ್ಬದ ದಿನವೆಂದು ನುಂಗಿಕೊಂಡೆ. ಪೂಜೆಗಿಟ್ಟದ್ದನ್ನು ದಸರೆಯ ಬನ್ನಿ ಕೊಟ್ಟು ತೆಗೆದುಕೊಳ್ಳುವವರೆಗೆ ಮುಟ್ಟುವಂತಿಲ್ಲ. ಅಷ್ಟರಲ್ಲಿ ಕುಂಕುಮ ಒಣಗಿ ಗಟ್ಟಿಯಾಗಿ ಅಂಟಿತ್ತು.

ರಿಪೇರಿಯವನು ಬಂದು ನೋಡಿ, ಕೈಮುಗಿಯಬೇಕೋ ಕೆಲಸ ಮಾಡಬೇಕೋ ತಿಳಿಯದೆ ನಿಂತ. ಒಂದೇ ಕೇಬಲ್ಲಿಗೆ ಎರಡು ಡಿಸ್ಕ್ ಹಾಕುವಾಗ ಒಂದು ಹಿರಿದು, ಒಂದು ಕಿರಿದು ಎಂದು ನೇಮಿಸಬೇಕಂತೆ. ಅದಕ್ಕೆ ಜೋಳದ ಕಾಳಿನಷ್ಟು ಸಣ್ಣ ಟೊಪ್ಪಿಗೆಯೊಂದನ್ನು ಹಿಂದಿನ ಪಿನ್ನುಗಳಿಗೆ ಸಿಕ್ಕಿಸಬೇಕು. ಯಾವ ಪಿನ್ನಿಗೆ ಎಂಬ ಚಿತ್ರ ಡಿಸ್ಕಿಗೆ ಅಂಟಿಸಿದ ಚೀಟಿಯ ಮೇಲಿರುತ್ತದೆ. ಆ ಚೀಟಿಯೇ ಕುಂಕುಮದಡಿ ಹೋಗಿತ್ತು. ಒದ್ದೆ ಬಟ್ಟೆಯಿಂದ ಒರೆಸಿದರೆ ಚಿತ್ರವೂ ಎದ್ದು ಬಂತು. ಕೊನೆಗೆ ಅಂದಾಜಿನ ಮೇಲೆ ಸಿಕ್ಕಿಸಿದ. ಹೊಸ ಯಂತ್ರ ಏಳಲೇ ಇಲ್ಲ.

"ಎರಡೂ ನಾನ ಹಿರೇಕಿ, ನಾನ ಹಿರೇಕಿ ಅನ್ನಾಕತ್ತಾವ್ರಿ ವೈನಿ," ಎಂದು ಅವನು ನನ್ನ ಕಡೆ ತಿರುಗಿದ.

"ಇಬ್ಬರೂ ಹಿರೇಕೇರಾದ್ರ ಒಲಿ ಯಾರ ಹೊತ್ತಸಬೇಕು?" ಅತ್ತೆ ನಡುವೆ ಬಾಯಿ ಹಾಕಿದರು. "ತಮ್ಮಾ, ಹಳೇದನ್ನ ಹಿರೇದ ಮಾಡು."

"ಆಗೂದಿಲ್ರಿ ಕಾಕೂ. ಹೊಸಾದು ಹೇಳಿದಂಗ ಹಳೇದು ಕೇಳಬೇಕು."

"ಅಯ್ಯ! ನಿನ್ನಿ ಬಂದಾಕಿ ಮಾತ ಹಳಬರ ಕೇಳಬೇಕ? ಇದ್ಯಾವೂರ ನ್ಯಾಯ!" ಎಂದು ನನ್ನ ಕಡೆ ನೋಡಿದರು. ನಾನು ಬೇಕಂತಲೇ ಜೋರಾಗಿ ನಕ್ಕೆ.

ಟೊಪ್ಪಿಗೆಯ ಜಾಗ ಬದಲಿಸುತ್ತ ಹೋಗಿ ಅಂತೂ ಹೊಂದಿತು. ಆದರೆ ಕೇಬಲ್ಲು ಗಿಡ್ಡ, ಡಿಸ್ಕ್ ಕೂರುವ ಗೂಡಿನವರೆಗೆ ಮುಟ್ಟಲೊಲ್ಲದು. ಅಲುಗದಂತೆ ಎರಡೂ ಕೈಯಲ್ಲಿ ನಾನೇ ಅದನ್ನು ಹಿಡಿದು ನಿಂತೆ. ಈ ಸಲ ಯಂತ್ರ ಎದ್ದಿತು. ನನ್ನ ಕೈಯೊಳಗೆ ಡಿಸ್ಕು ಕಿರ್ ಕಿರ್ ಎಂದು ಒದರತೊಡಗಿತು, ಬಿಸಿಯೂ ಏರತೊಡಗಿತು.

"ವೈನಿ, ಇದು ಭಾಳ ಹೊತ್ತ ತಡಿಯೂದಿಲ್ಲ. ಫೈಲ್ ರಗಡ ಅದಾವ. ನಿಮಗ ಬೇಕಾದ್ದರ ಹೆಸರ ಹೇಳ್ರಿ, ಅದನ್ನ ಮೊದಲ ತಗೀತೀನಿ. ಲಗೂನ ಹೇಳ್ರಿ!"

ಫೈಲಿಗೆ ಏನು ಹೆಸರಿಡಲಿ ಎಂದು ಶ್ರಾವಣದಲ್ಲಿ ಕೇಳಿದಾಗ ಅತ್ತೆ ನಾಚುತ್ತ "ಹಿರ್ಯಾರ ಹೆಸರ ಇಡು" ಅಂದಿದ್ದರು. ಇಟ್ಟಿದ್ದೆ, ಮಾವನವರ ಹೆಸರು. ಬೆರಳಿನಿಂದ ಒತ್ತುವುದಕ್ಕೇನೂ ಅಡ್ಡಿ ಇರಲಿಲ್ಲ. ಸೊಸೆಯಾದವಳು ಬಾಯಿಬಿಟ್ಟು ಹೇಳುವುದುಂಟೇ? ಅದೂ ಅವರು ಹೊರಗೆ ಕಟ್ಟೆಯ ಮೇಲೆ ಪೇಪರ್ ಓದುತ್ತ ಕುಳಿತಿರುವಾಗ! ಕೈ ಬಿಡುವಂತಿಲ್ಲ, ಬಾಯಿ ತೆರೆಯುವಂತಿಲ್ಲ.

"ವೈನಿ, ಲಗೂನ!"

ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಗಂಟಲು ಸರಿಮಾಡಿಕೊಂಡರು.

"ಸೊಸಿ ಕೈಯಾಗ ಹಳೇ ಡಬ್ಬಿ ಕುಂದರವಲ್ದು ಗಪ್ಪ,
...... ರಾಯರ ಹೆಸರ ಹೇಳತೀನಿ, ಯಾರೂ ತಿಳ್ಕೋಬ್ಯಾಡ್ರಿ ತಪ್ಪ!"

ಚುಕ್ಕಿ ಇಟ್ಟಲ್ಲಿ ಹೆಸರು ಗಂಟೆ ಬಾರಿಸಿದಂತೆ ಬಂತು. ಅದನ್ನು ನಾನಿಲ್ಲಿ ಬರೆಯಲಾರೆ, ಮಾವನವರಲ್ಲವೇ. ರಿಪೇರಿಯವನು ಟಕಟಕ ಒತ್ತಿ, ಫೈಲನ್ನು ಹೊಸ ಡಿಸ್ಕಿಗೆ ಇಳಿಸಿಕೊಂಡು, "ಬಂತ್ರಿ!" ಎಂದು ಕೂಗಿದ. ಪರದೆಯ ಮೇಲೆ ಅತ್ತೆಯ ಮೊದಲ ಒಡಪು ಮೂಡಿತು. ನಾನು ಡಿಸ್ಕು ಹಿಡಿದುಕೊಂಡೇ ನಗುತ್ತ ಅತ್ತುಬಿಟ್ಟೆ. ಅಷ್ಟು ಸಂತೋಷವಾಗಿತ್ತು.

ಮಾವನವರು ಪೇಪರ್ ಹಿಡಿದೇ ಬಾಗಿಲಿಗೆ ಬಂದರು. "ಯಾರ ನನ್ನ ಹೆಸರ ತಗೊಂಡ್ರಿ?"

ಅವರಿಗೆ ತಿಳಿದೇ ಹೋಗಿತ್ತು. ಅತ್ತೆಯ ಕಡೆ ತಿರುಗಿದರು.

"ಲಗ್ನದ ಹಂದರದಾಗ ನಿನ್ನ ಬಾಯಿಲೆ ಒಮ್ಮಿ ಕೇಳಿದ್ದೆ. ಇನ್ನೊಮ್ಮಿ ಹೇಳು, ಸರಿಯಾಗಿ ಕೇಳಸಲಿಲ್ಲ."

"ಪುಸ್ತಕದಾಗ ಬರತೈತಿ, ಓದಕೋರಿ," ಎಂದು ಅತ್ತೆ ಮುಖ ಕೆಂಪಗೆ ಮಾಡಿಕೊಂಡು ಒಳಗೆ ಓಡಿದರು.

ಪುಸ್ತಕದಲ್ಲಿ ಅದೇ ಕೊನೆಯ ಒಡಪಾಯಿತು. ಓದುವವರು ತಮ್ಮ ತಮ್ಮ ಗಂಡನ ಹೆಸರು ಕೂಡಿಸಿಕೊಳ್ಳಲೆಂದು ಎಲ್ಲದರಲ್ಲೂ ಹೆಸರಿನ ಜಾಗಕ್ಕೆ ಚುಕ್ಕಿ ಇಟ್ಟಿದ್ದೆ. ಮದುವೆಯ ಮರುದಿನ ಹಾಸಿಗೆ ಮಡಚುವಾಗ ಮಾವನವರ ದಿಂಬಿನ ಕೆಳಗೆ ಒಂದು ಪ್ರತಿ ಸಿಕ್ಕಿತು. ಕೊನೆಯ ಪುಟದಲ್ಲಿ, ಚುಕ್ಕಿಗಳ ಮೇಲೆ, ನೀಲಿ ಪೆನ್ನಿನಿಂದ ತಮ್ಮ ಹೆಸರನ್ನು ಅವರೇ ಬರೆದುಕೊಂಡಿದ್ದರು.