ಬಿಸಿಲಿನಿಂದ ನೆರಳಿಗೆ ಹದಿನೈದು ಹೆಜ್ಜೆ

ಮದುವೆಗೆ ಹೊರಟಾಗ ಉಡಿ ಸಾಮಾನು, ಸೀರೆ, ಕುಬಸದ ಕಣಗಳ ಜೊತೆಗೆ ನಾನು ಚೀಲದಲ್ಲಿ ಒಂದು ತಲೆದಿಂಬನ್ನೂ ಇಡುತ್ತಿದ್ದೆ. ನೋಡಿದವರು ನಗುತ್ತಿದ್ದರು. ದಿಂಬು ನಮ್ಮ ಮನೆಯವರಿಗೆ. ಅವರು ಸೇಡಂನಲ್ಲಿ ಬಾಡಿಗೆ ಕಾರು ನಡೆಸುತ್ತಿದ್ದರು. ಕಾರು ಮಾಲೀಕರದು, ಲೈಸೆನ್ಸ್ ಇವರದು. ವಾಡಿಗೆ ರೈಲು ಹತ್ತುವವರನ್ನು ಬಿಟ್ಟು ಬರುವುದು, ಚಿಂಚೋಳಿಗೆ ಕನ್ಯೆ ನೋಡುವವರನ್ನು ಕರೆದೊಯ್ಯುವುದು, ಇದೇ ನಮ್ಮ ಅನ್ನ. ದಿನಾ ಕುಡಿಯುವವರಲ್ಲ. ಆದರೆ ಮದುವೆಯಲ್ಲಿ ನಾಲ್ಕು ಜನ ಸೇರಿದರೆ ಅವರನ್ನು ಹಿಡಿಯುವುದು ನನ್ನಿಂದ ಆಗುತ್ತಿರಲಿಲ್ಲ.

ಒಂದು ಸಲ ಚಿಂಚೋಳಿಯಿಂದ ಕುಡಿದೇ ಗಾಡಿ ಓಡಿಸಿಕೊಂಡು ಬಂದಿದ್ದರು. ಎಡಗಡೆಯ ಬಾಗಿಲು ಉದ್ದಕ್ಕೂ ಗೀಚಿಹೋಗಿತ್ತು. ಯಾವುದಕ್ಕೆ ಉಜ್ಜಿತೆಂದು ಅವರಿಗೇ ನೆನಪಿರಲಿಲ್ಲ. ಮರುದಿನ ಪೂಜೆ ಮುಗಿಸಿ ವಿಭೂತಿ ತಟ್ಟೆಯನ್ನು ಅವರ ಮುಂದೆ ಹಿಡಿದೆ.

"ಕುಡದ ಮ್ಯಾಲ ಸ್ಟೇರಿಂಗ್ ಮುಟ್ಟಂಗಿಲ್ಲ ಅಂತ ಹೇಳ್ರಿ."

"ಕುಡಿಯಂಗಿಲ್ಲ ಅಂತ ಆಣಿ ಹಾಕ್ಸಬ್ಯಾಡ ನೋಡು ಮತ್ತ. ಅದು ನಡಿಯಂಗಿಲ್ಲ."

"ಹಾಕ್ಸಂಗಿಲ್ರಿ. ಕುಡದ್ರ ಗಾಡ್ಯಾಗ ಮಕ್ಕೋರಿ. ನಶಾ ಇಳದ ಮ್ಯಾಲ ಬರ್ರಿ. ನಾ ಏನೂ ಅನ್ನಂಗಿಲ್ಲ."

ಅವರು ವಿಭೂತಿ ಮುಟ್ಟಿ, "ಕುಡದು ರೋಡಿಗಿ ಹತ್ತಂಗಿಲ್ಲ, ಆಯ್ತಿಲ್ಲೋ?" ಎಂದರು. ನಾನು ಕೇಳಿದ್ದು ಒಂದು, ಅವರು ಹೇಳಿದ್ದು ಇನ್ನೊಂದು. ಆಗ ಅದು ನನ್ನ ತಲೆಗೆ ಹೋಗಲಿಲ್ಲ. ದೇವರು ಇಷ್ಟಾದರೂ ಕೊಟ್ಟನಲ್ಲ ಎಂದು ತಟ್ಟೆಯನ್ನು ಕಣ್ಣಿಗೆ ಒತ್ತಿಕೊಂಡೆ. ದೇವರು ಮಾಡಿದ ಸಣ್ಣ ಉಪಕಾರಗಳನ್ನು ಬೆರಳ ಗೆರೆಯ ಮೇಲೆ ಎಣಿಸುವುದು ನನ್ನ ರೂಢಿ. ಅದನ್ನೂ ಎಣಿಸಿಬಿಟ್ಟೆ.

ಆಣೆಯನ್ನು ಅವರು ನಡೆಸಿಕೊಂಡೂ ಬಂದರು. ಮೂರು ಮದುವೆ, ಒಂದು ತೊಟ್ಟಿಲು ಕಾರ್ಯ, ಎಲ್ಲದರಲ್ಲೂ ಕುಡಿದರು, ಗಾಡಿಯಲ್ಲಿ ಮಲಗಿದರು, ಎದ್ದು ಮುಖ ತೊಳೆದು ನಮ್ಮನ್ನು ಮನೆಗೆ ತಂದರು. ನಾನು ಓಣಿಯ ಹೆಂಗಸರಿಗೆ ಬುದ್ಧಿ ಹೇಳುವಷ್ಟು ದೊಡ್ಡವಳಾದೆ. "ಜಗಳ ಮಾಡಬ್ಯಾಡ್ರೆವ್ವಾ, ಒಂದ ದಿಂಬ ಕೊಡ್ರಿ" ಎನ್ನುತ್ತಿದ್ದೆ.

ಆ ಮದುವೆ ಚಿತ್ತಾಪುರದ ಹೊರಗೆ, ರಸ್ತೆಗೆ ಹತ್ತಿದ ಒಂದು ಮಂಗಲ ಕಾರ್ಯಾಲಯದಲ್ಲಿ ಇತ್ತು. ಬೇಸಿಗೆ. ನಮ್ಮ ಕಡೆಯ ಬಿಸಿಲನ್ನು ಹೊರಗಿನವರಿಗೆ ಹೇಳಿ ತಿಳಿಸಲಾಗದು. ಹಾಸುಗಲ್ಲಿನ ಅಂಗಳದಲ್ಲಿ ಚಪ್ಪಲಿ ಬಿಟ್ಟು ನಿಂತರೆ ಅಂಗಾಲಿಗೆ ಬೊಬ್ಬೆ ಬರುತ್ತಿತ್ತು. ನಾವು ಹೋದಾಗ ಕಾರುಗಳೆಲ್ಲ ಬಯಲಲ್ಲಿ ಸಾಲಾಗಿ ನಿಂತಿದ್ದವು. ನಮ್ಮದನ್ನೂ ಅಲ್ಲೇ ನಿಲ್ಲಿಸಿದರು. ಗೇಟಿನ ಪಕ್ಕದಲ್ಲಿ ಒಂದು ದೊಡ್ಡ ಹುಣಸೆಮರ. ಅದರ ನೆರಳನ್ನು ಮುದುಕಿಯರು, ಬಾಣಂತಿಯರು ಮೊದಲೇ ಹಿಡಿದಿದ್ದರು.

ಅಕ್ಕಿಕಾಳು ಬಿದ್ದು, ಮೊದಲನೆಯ ಪಂಕ್ತಿ ಊಟಕ್ಕೆ ಕುಳಿತ ಮೇಲೆ ಇವರು ಕಾರ್ಯಾಲಯದ ಹಿಂದೆ ಹೋಗಿ ಬಂದರು. ಕಣ್ಣು ನೋಡಿದ ಕೂಡಲೇ ನನಗೆ ಗೊತ್ತಾಯಿತು. ಬಾಯಿ ಮಾಡಲಿಲ್ಲ. ಗಾಡಿಯ ಚಾವಿ ನನ್ನ ಹತ್ತಿರವೇ ಇತ್ತು. ನಾನೇ ಕೊಟ್ಟೆ. ದಿಂಬನ್ನೂ ಕೊಟ್ಟೆ.

"ಎಸಿ ಹಾಕ್ಕೊಂಡು ಮಕ್ಕೋರಿ. ಗ್ಲಾಸ್ ಮುಚ್ಚಿ ಹಂಗ ಮಕ್ಕೊಂಡ್ರ ಬಿಸಲಿಗಿ ತಲಿ ಸುಡ್ತದ."

"ನೀ ಭಾಳ ಶಾಣ್ಯಾಕಿ ಬಿಡು" ಎಂದು ನಕ್ಕು ಹೋದರು. ನಾನು ಊಟದ ಪಂಕ್ತಿಗೆ ಬಡಿಸಲು ಒಳಗೆ ಹೋದೆ.

ಎರಡನೆಯ ಪಂಕ್ತಿ ಏಳುವ ಹೊತ್ತಿಗೆ ಹೊರಗೆ ಒಂದೇ ಸಮನೆ ಹಾರ್ನ್ ಕೇಳಿಸಿತು. ನೀರಿನ ಟ್ಯಾಂಕರ್ ಬಂದಿದೆ, ಗೇಟಿಗೆ ಒಂದು ಕಾರು ಅಡ್ಡ ನಿಂತಿದೆ, ಡ್ರೈವರ್ ಏಳುತ್ತಿಲ್ಲ ಎಂದರು. ಹೋಗಿ ನೋಡಿದರೆ ನಮ್ಮ ಕಾರು. ಬಯಲಿನಲ್ಲಿದ್ದದ್ದು ಹುಣಸೆಮರದ ಕೆಳಗೆ ಬಂದಿತ್ತು. ಎಂಜಿನ್ ಗುರ್ ಎನ್ನುತ್ತಿತ್ತು. ಗಾಜುಗಳೆಲ್ಲ ಏರಿದ್ದವು. ಬಾಗಿಲು ಒಳಗಿನಿಂದ ಲಾಕ್. ಇವರು ಸೀಟನ್ನು ಹಿಂದಕ್ಕೆ ಚಾಚಿ, ಬಾಯಿ ತೆರೆದು ಬಿದ್ದಿದ್ದರು.

ನಾನು ಗಾಜು ಬಡಿದೆ. ಕೂಗಿದೆ. ರೆಪ್ಪೆ ಕೂಡ ಅಲುಗಲಿಲ್ಲ. ಹಿಂದಿನಿಂದ ಯಾರೋ, "ಗಾಡಿ ಹೊಗಿ ಒಳಗ ಹೊಕ್ಕು ಸಾಯ್ತಾರಂತಪ್ಪ, ಉಸರಾಡಲಿಕತ್ತಾನಿಲ್ಲೋ ನೋಡ್ರಿ" ಎಂದರು. ಗಾಜಿಗೆ ಹಣೆ ಒತ್ತಿ ಅವರ ಎದೆ ಏರುತ್ತದೋ ಇಲ್ಲವೋ ನೋಡಿದೆ. ನನ್ನ ಕಣ್ಣೀರಿಗೆ ಗಾಜು ಮಂಜಾಗಿ ಏನೂ ಕಾಣಲಿಲ್ಲ. ಶಿವನ ಹೆಸರು ಕೂಡ ಬಾಯಿಗೆ ಬರಲಿಲ್ಲ. ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಆ ಘಳಿಗೆಯಲ್ಲಿ ಪೊಲೀಸರು ಬಂದರೆ ಸಾಕು ಎಂದು ಬೇಡಿಕೊಂಡವಳು ನಾನೇ.

ಜೀಪು ಬಂತು. ಒಬ್ಬ ಪೇದೆ ಮುಂದಿನ ಗಾಜಿಗೆ ಲಾಠಿಯಿಂದ ಫಟಫಟ ಹೊಡೆದ. ನಮ್ಮವರು ಕಣ್ಣು ತೆರೆದು, ಗಾಜು ಇಳಿಸಿ, "ವಾಡಿ ಸ್ಟೇಷನ್ ಬಂತ್ರಿ, ಇಳಿರಿ" ಎಂದರು. ನೆರೆದವರೆಲ್ಲ ಹೋ ಎಂದು ನಕ್ಕರು. ನಾನೂ ಅಳುತ್ತಲೇ ನಕ್ಕೆ. ಉಸಿರಿದೆ. ಬೆರಳಿನ ಒಂದು ಗೆರೆ ಎಣಿಸಿದೆ.

ಜೀಪಿನಲ್ಲಿ ಬಂದ ಪೊಲೀಸ್ ಸಾಹೇಬರು ಮಾತ್ರ ನಗಲಿಲ್ಲ. ಜೀಪಿನಿಂದ ಮಷೀನ್ ತರಿಸಿ ಊದಿಸಿದರು. ಅದು ಕೂಗಿತು. ನಮ್ಮ ಕಡೆಯವರು ಒಬ್ಬೊಬ್ಬರೇ ವಕೀಲರಾದರು.

"ಸಾಹೇಬ್ರ, ಗಾಡಿ ನಿಂತದ, ಮನಶಾ ಮಲಗ್ಯಾನ. ಇದು ಡ್ರಿಂಕ್ ಅಂಡ್ ಡ್ರೈವ್ ಹ್ಯಾಂಗಾತ್ರಿ?" ಎಂದ ನನ್ನ ತಮ್ಮ.

ನಮ್ಮ ದೊಡ್ಡ ಮಾವ ಕೋಲೂರಿಕೊಂಡು ಮುಂದೆ ಬಂದರು. "ಬಾವಿ ದಂಡಿ ಮ್ಯಾಲ ಮಕ್ಕೊಂಡವನಿಗಿ ಈಜಿದಿ ಅಂತ ಕೇಸ್ ಹಾಕ್ತೀರೇನ್ರಿ?"

"ಹೊಡಕೊಂಡು ಹೋಗಿ ಯಾರಿಗ್ಯಾರ ಗುದ್ದಿದ್ರ ಬೇಸಿತ್ತೇನು? ಶಾಣ್ಯಾ ಆಗಿ ಮಲಗಿದ್ದೇ ತಪ್ಪಾತು" ಎಂದು ಇನ್ನೊಬ್ಬರು.

ಸಾಹೇಬರು ಸಮಾಧಾನದಿಂದಲೇ ಹೇಳಿದರು. "ಕೇಳ್ರಿ. ಬರೇ ಮಲಗಿದ್ದ ಅಂದ್ರ ನಂದೇನೂ ತಕರಾರಿಲ್ಲ, ನೀರ ಕುಡಿಸಿ ನಿಮ್ಮ ಕೈಯಾಗ ಕೊಟ್ಟ ಹೋಗ್ತೀನಿ. ಗಾಡಿ ಮೊದಲಿಂದ ಇಲ್ಲೇ ಇತ್ತೋ, ಕುಡದ ಮ್ಯಾಲ ಇಲ್ಲಿಗಿ ತಂದಾನೋ? ಅಷ್ಟ ಹೇಳ್ರಿ."

"ಮುಂಜಾನಿಂದ ಇಲ್ಲೇ ಅದರಿ" ಎಂದರು ಹತ್ತು ಜನ ಒಂದೇ ಬಾಯಿಂದ.

ಬಾಗಿಲು ತೆರೆದಾಗ ದಿಂಬು ಹೊರಗೆ ಮಣ್ಣಿಗೆ ಬಿದ್ದಿತ್ತು. ಎತ್ತಿಕೊಳ್ಳಲು ಬಗ್ಗಿದೆ. ಕಾರಿನ ಕೆಳಗಿನಿಂದ, ಮರದ ಕಡೆಯ ಮುಂದಿನ ಗಾಲಿಯ ಅಡಿಯಲ್ಲಿ ಬಣ್ಣದ ಬಟ್ಟೆ ಕಂಡಿತು. ಸುತ್ತು ಹಾಕಿ ಆ ಕಡೆ ಹೋದೆ. ಅಲ್ಲಿ ಯಾರೂ ಇರಲಿಲ್ಲ, ಗುಂಪೆಲ್ಲ ಗೇಟಿನ ಕಡೆ ಇತ್ತು. ಕೂಸಿಗೆ ಹಾಸುವ ಒಂದು ಸಣ್ಣ ಕೌದಿ. ಅದರ ಒಂದು ಮೂಲೆ ಗಾಲಿಯ ಕೆಳಗೆ ಸಿಕ್ಕಿತ್ತು. ಕೌದಿಯ ನಡುವೆ ಒಂದು ಸಾಸಿವೆ ದಿಂಬು, ಕೂಸಿನ ತಲೆ ಒತ್ತಿದ ಗುಣಿ ಅದರಲ್ಲಿ ಹಾಗೇ ಇತ್ತು.

ಮರದ ಬೊಡ್ಡೆಯ ಹತ್ತಿರ ಕಾಳಗಿಯಿಂದ ಬಂದ ಒಬ್ಬ ಮುದುಕಿ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತ ತಿರುಗುತ್ತಿದ್ದಳು.

"ಆಯಿ, ಕೂಸು ಇಲ್ಲಿ ಮಲಗಿತ್ತೇನು?"

"ಹೂಂ ಯವ್ವಾ. ಮೊದಲನೇ ಪಂಕ್ತಿ ಕುಂತಾಗ ಮಲಗಿಸಿದ್ದೆ, ಅವ್ವ ಉಂಡು ಬರ್ಲಿ ಅಂತ. ನೆಳ್ಳಾಗಿನವ್ರೆಲ್ಲ ಉಣ್ಣಲಿಕ್ಕ ಹೋದ್ರು, ನಂಗೂ ಕಣ್ಣ ಹತ್ತಿತು. ಆ ಟ್ಯಾಂಕರ್ ಹಾಟ್ಯಾ ಹಾರನ್ ಹೊಡದು ಎಬ್ಬಿಸಿಬಿಟ್ಟ" ಎಂದು ಟ್ಯಾಂಕರಿನವನನ್ನು ಬೈದಳು.

ಮೊದಲನೆಯ ಪಂಕ್ತಿ ಕುಳಿತಾಗ ಕೂಸು ಅಲ್ಲಿತ್ತು. ನಾನು ಚಾವಿ ಕೊಟ್ಟದ್ದು ಅದರ ನಂತರ. ಮುದುಕಿಗೆ ಇದು ಇನ್ನೂ ಹೊಳೆದಿರಲಿಲ್ಲ. ಕೌದಿಯನ್ನು ಎಳೆದು ತೆಗೆದುಬಿಡಲೇ ಎಂದು ಮೂಲೆ ಹಿಡಿದು ಎಳೆದೆ. ಇದನ್ನು ಇಂದು ಬರೆಯದಿದ್ದರೆ ನನ್ನ ಪೂಜೆ ಸುಳ್ಳಾಗುತ್ತದೆ. ಎಳೆದೆ, ಅದು ಬರಲಿಲ್ಲ.

ತಮ್ಮ ಹಿಂದೆಯೇ ಬಂದ. ಕೌದಿ ನೋಡಿದ. ಕಿವಿಯಲ್ಲಿ ಹೇಳಿದ, "ಅಕ್ಕಾ, ಕೂಸಿಗಿ ಏನೂ ಆಗಿಲ್ಲ. ಲೈಸೆನ್ಸ್ ಹೋದ್ರ ನಿಮ್ಮ ಮನಿ ಹೋಗ್ತದ. ಇಲ್ಲೇ ಇತ್ತಂತ ಅನ್ನು."

ಅಷ್ಟರಲ್ಲಿ ಸಾಹೇಬರು ಕರೆದರು. "ನೀವು ಅವರ ಮನಿಯವ್ರಲ್ಲಾ? ನೀವ ಹೇಳ್ರಿ ಅಮ್ಮಾ. ಗಾಡಿ ಎಲ್ಲಿತ್ತು?"

ನಮ್ಮವರು ಜೀಪಿಗೆ ಒರಗಿ ನಿಂತಿದ್ದರು. ನಶೆ ಅರ್ಧ ಇಳಿದಿತ್ತು. ನನ್ನನ್ನು ನೋಡಿದರು. ಸುಳ್ಳು ಹೇಳು ಎಂಬ ನೋಟವಲ್ಲ ಅದು. ಸುಳ್ಳನ್ನೇ ಹೇಳುತ್ತೇನೆಂದು ನಂಬಿದ ನೋಟ. ಅದು ಇನ್ನೂ ಕಷ್ಟ.

"ಬಿಸಲಾಗ ಇತ್ರಿ" ಎಂದೆ. ಬಯಲಿನ ಕಡೆ ಕೈ ತೋರಿಸಿದೆ. ಮತ್ತೆ ಹೇಳಿದೆ. "ಅಲ್ಲಿ ಬಯಲಾಗ ಇತ್ರಿ. ಚಾವಿ ನಾನೇ ಕೊಟ್ಟೀನಿ. ಇಲ್ಲಿ ಬಂದು ಈ ಕೌದಿ ನೋಡ್ರಿ."

ಸಾಹೇಬರು ನೋಡಿದರು. ಬಯಲಿನ ತನಕ ಹೆಜ್ಜೆ ಎಣಿಸಿ ಬಂದರು. ಹದಿನೈದು. ಕೂಸಿನ ತಾಯಿ ಒಳಗಿನಿಂದ ಓಡಿ ಬಂದು, ಗಾಲಿ ನೋಡಿ, ಕೌದಿ ನೋಡಿ, ನೆಲಕ್ಕೆ ಕುಳಿತಳು. ಕೂಸನ್ನು ಇಸಿದುಕೊಂಡು ಅದರ ಕಾಲು, ಕೈ, ಬೆರಳು ಒಂದೊಂದೇ ಮುಟ್ಟಿ ನೋಡಿದಳು. ದೊಡ್ಡ ಮಾವ ಕೋಲಿನಿಂದ ನೆಲ ಕೆರೆಯುತ್ತ ನಿಂತರು.

ನಮ್ಮವರು ಸಾಹೇಬರಿಗೆ ಒಂದೇ ಮಾತು ಹೇಳಿದರು, "ರೋಡಿಗಿ ಹತ್ತಿಲ್ರಿ. ನೆಳ್ಳಿಗಿ ಸರಿಸೀನಿ ಅಷ್ಟ." ಆಣೆ ಮುರಿದಿಲ್ಲವೆಂದೇ ಅವರು ನಂಬಿದ್ದರು. ಅದನ್ನು ಅವರು ನನಗೂ ಹೇಳುತ್ತಿದ್ದರು.

ಕೇಸಾಯಿತು. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದರು. ಲೈಸೆನ್ಸ್ ಆರು ತಿಂಗಳು ಹೋಯಿತು. ಮಾಲೀಕರು ಚಾವಿ ಇಸಿದುಕೊಂಡರು. ಇವರು ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವಲ್ಲಿ ಕೆಲಸಕ್ಕೆ ಹೋಗತೊಡಗಿದರು. ಸಂಜೆ ಬಿಳಿ ಪುಡಿ ಮೆತ್ತಿಕೊಂಡು ಬಂದು, ಉಂಡು, ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದರು. ನನ್ನ ಜೊತೆ ಮಾತಿಲ್ಲ. "ಗಂಡನ ಮ್ಯಾಲ ಸಾಕ್ಷಿ ಹೇಳ್ದಾಕಿ" ಎಂದು ನೆಂಟರಲ್ಲಿ ನನಗೊಂದು ಹೆಸರು ಬಿತ್ತು.

ನಿಂತ ಗಾಡಿಯಲ್ಲಿ ಕುಡಿದು ಮಲಗಿದವನ ಮೇಲೆ ಕೇಸು ಹಾಕಬೇಕೋ ಬೇಡವೋ ಎಂದು ಜನ ಈಗಲೂ ನನ್ನೆದುರು ವಾದಿಸುತ್ತಾರೆ. ಹಾಕಿದರೆ ಮುಂದೆ ಯಾರೂ ಮಲಗುವುದಿಲ್ಲ, ಓಡಿಸಿಕೊಂಡೇ ಮನೆಗೆ ಹೋಗುತ್ತಾರೆ ಎನ್ನುತ್ತಾರೆ. ಅದು ಖರೆ. ಮಲಗುವುದು ತಪ್ಪಲ್ಲ. ನಾನೇ ಮಲಗಿಸಿದವಳು. ಆದರೆ ಚಾವಿ ಕೈಯಲ್ಲಿದ್ದವನು ಮಲಗಿಯೇ ಇರುವುದಿಲ್ಲ. ಬಿಸಿಲು ಬಂದರೆ ಅವನಿಗೆ ನೆರಳು ಬೇಕಾಗುತ್ತದೆ, ನಮ್ಮ ಊರುಗಳಲ್ಲಿ ನೆರಳಿದ್ದಲ್ಲಿ ಕೂಸು ಮಲಗಿರುತ್ತದೆ. ನನಗೆ ತಿಳಿದದ್ದು ಇಷ್ಟೇ. ಚಾವಿ ಕೊಟ್ಟ ಕೈಗೆ ಯಾವ ಕೇಸೂ ಆಗಲಿಲ್ಲ.

ಎರಡು ತಿಂಗಳು ಕಳೆದ ಮೇಲೆ, ಒಂದು ಭಾನುವಾರ ನಾನು ಜೋಳ ಹಸನು ಮಾಡುತ್ತಿದ್ದೆ. ಇವರು ಎದುರು ಬಂದು ಕುಳಿತರು.

"ಎಷ್ಟ ದೂರ ಇತ್ತು?"

ಏನು ಎಂದು ನಾನು ಕೇಳಲಿಲ್ಲ. ಕೋಪದಿಂದ ಮಾತು ಬಿಟ್ಟಿದ್ದಾರೆಂದು ತಿಳಿದಿದ್ದೆ. ಆ ದನಿ ಕೇಳಿದಾಗ ಗೊತ್ತಾಯಿತು, ಇವರೂ ನನ್ನ ಹಾಗೆ ಅಂಜಿಕೊಂಡು ಅಷ್ಟು ದಿನ ಗೋಡೆ ನೋಡಿದ್ದಾರೆ.

ಮೊರವನ್ನು ಪಕ್ಕಕ್ಕಿಟ್ಟು ಮೊಣಕೈಯಿಂದ ಬೆರಳ ತುದಿಯವರೆಗೆ ನೆಲದ ಮೇಲೆ ಕೈ ಚಾಚಿದೆ. "ಗಾಲಿಯಿಂದ ದಿಂಬಿಗಿ ಇಷ್ಟು. ಒಂದು ಮೊಳ."

ಅವರು ಕಲ್ಲಿನ ಪುಡಿಗೆ ಬಿರಿದ ತಮ್ಮ ಕೈಯನ್ನು ನನ್ನ ಕೈಯ ಪಕ್ಕದಲ್ಲಿ ಇಟ್ಟು ನೋಡಿದರು. ಅವರ ಕೈ ನನ್ನದಕ್ಕಿಂತ ಉದ್ದ. ಅವರ ಅಳತೆಗೆ ಅದು ಒಂದು ಮೊಳವೂ ಆಗಲಿಲ್ಲ.