ಅಕ್ಕೋರು ಹಾಕಿದ ಮಾರ್ಕ್ಸು

ಅಕ್ಕೋರ ಬಲಗೈಯ ನಡುಬೆರಳಿನಲ್ಲಿ, ಪೆನ್ನು ಒತ್ತುವ ಜಾಗದಲ್ಲಿ, ಕಡಲೆಬೇಳೆಯಷ್ಟು ಚರ್ಮ ಗಟ್ಟಿಯಾಗಿತ್ತು. ಅದರ ಮೇಲೆ ಯಾವಾಗಲೂ ಕೆಂಪು ಶಾಯಿ. ಹೀಗೆ ಬರೆದು ಅವರ ಮಗಳಿಗೆ ಓದಿ ಹೇಳಿದೆ. ಅದು ಶಾಯಿಯಲ್ಲ, ಈದ್‌ಗೆ ಹಚ್ಚಿದ ಮದರಂಗಿ ಅಂದಳು. ವರ್ಷವಿಡೀ ಈದ್ ಇರುತ್ತದೆಯೇ ಎಂದು ಕೇಳಿದೆ. ವರ್ಷವಿಡೀ ಅಮ್ಮನ ಬೆರಳು ನೋಡುತ್ತಿದ್ದಿರಾ ಎಂದು ಅವಳು ತಿರುಗಿ ಕೇಳಿದಳು. ಗಟ್ಟಿ ಚರ್ಮದ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ತಕರಾರಿಲ್ಲ.

ಅದು ವಿಜಯಪುರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತದ ಉತ್ತರಪತ್ರಿಕೆ ತಿದ್ದಿ ಬಂದದ್ದು. ಆ ಕಡೆ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಅನ್ನುತ್ತಾರೆ. ನಿವೃತ್ತರಾಗಿ, ಸಮುದ್ರ ದಾಟಿ, ವಾಲ್ನಟ್ ಕ್ರೀಕಿನ ಮಗಳ ಅಪಾರ್ಟ್‌ಮೆಂಟಿಗೆ ಬಂದ ಮೇಲೆ ಇಲ್ಲಿನ ಕನ್ನಡದವರೂ ಅವರನ್ನು ಹಾಗೆಯೇ ಕರೆದರು. ನಾನು ಅದೇ ಕಟ್ಟಡದ ಮೇಲಿನ ಮಹಡಿಯವನು. ಸಾಹಿತ್ಯದಲ್ಲಿ ಡಾಕ್ಟರೇಟು ಮಾಡಲು ಹೋಗಿ ಅರ್ಧಕ್ಕೆ ಬಿಟ್ಟವನು. ಮೂರು ಕಾಲೇಜುಗಳಲ್ಲಿ ಪಾಠ ಹೇಳುತ್ತ, ದೂರದ ಗಿಲ್‌ರಾಯ್‌ವರೆಗೂ ಹೋಗಿಬರುತ್ತ, ಆಯುಷ್ಯದ ಒಂದು ಪಾಲನ್ನು ಫ್ರೀವೇ ಮೇಲೆ ಕಳೆದವನು.

ಅಕ್ಕೋರು ಇಂಗ್ಲಿಷ್ ಕಾದಂಬರಿ ಓದಲು ಶುರು ಮಾಡಿದ್ದು ಇಲ್ಲಿಗೆ ಬಂದ ಮೇಲೆ, ಅರವತ್ತು ದಾಟಿದ ಮೇಲೆ, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು. ಮುಗಿಸಿದ ಪ್ರತಿ ಪುಸ್ತಕಕ್ಕೂ ನೋಟ್‌ಬುಕ್ಕಿನಲ್ಲಿ ನೂರಕ್ಕೆ ಇಷ್ಟು ಎಂದು ಅಂಕ ಹಾಕುತ್ತಿದ್ದರು. ಮೂವತ್ತೈದು ಬಂದರೆ ಪಾಸು. ಗ್ರೇಸ್ ಮಾರ್ಕ್ಸ್ ಇಲ್ಲ. ಗಣಿತದಲ್ಲಿ ಕೊನೆಯ ಉತ್ತರಕ್ಕೆ ಮಾತ್ರವಲ್ಲ, ಅಲ್ಲಿಗೆ ತಲುಪಿದ ಒಂದೊಂದು ಹಂತಕ್ಕೂ ಅಂಕವಿರುತ್ತದೆ. ಕಾದಂಬರಿಗೂ ಅವರದು ಅದೇ ನಿಯಮ.

ಈಚಿನ ಜನಪ್ರಿಯ ಕಾದಂಬರಿಗಳು, ಅದರಲ್ಲೂ ಕೊಲೆಯ ಕಥೆಗಳು, ಅವರ ಕೈಯಲ್ಲಿ ಸಾಲಾಗಿ ಫೇಲಾಗುತ್ತಿದ್ದವು. "ಉತ್ತರ ಬರೋಬ್ಬರಿ ಅದ, ಸ್ಟೆಪ್ಸ್ ಇಲ್ಲ. ಕಾಪಿ ಹೊಡದಾರ," ಅನ್ನುತ್ತಿದ್ದರು. ಪ್ರತಿ ಅಧ್ಯಾಯದ ಕೊನೆಗೆ ಯಾರಾದರೂ ಬಾಗಿಲು ಬಡಿಯುವುದು, ಬಾಗಿಲು ತೆಗೆದರೆ ಅದರಾಚೆ ಇನ್ನೊಂದು ಬಾಗಿಲು ಇರುವುದು ಅವರಿಗೆ ರೇಗುತ್ತಿತ್ತು. ಹಾಗಂತ ಓದುವುದನ್ನು ಬಿಡುತ್ತಿರಲಿಲ್ಲ. ಪೂರ್ತಿ ಓದದೆ ಫೇಲು ಮಾಡುವುದು ಅನ್ಯಾಯ ಎಂದು ಕೊನೆಯ ಪುಟದವರೆಗೂ ಬೈದುಕೊಂಡು ಓದುತ್ತಿದ್ದರು.

ಸಾಹಿತ್ಯಕ್ಕೆ ಅಂಕ ಹಾಕುವುದು ಸರಿಯಲ್ಲ ಎಂದು ನಾನು ಮೊದಮೊದಲು ವಾದ ಮಾಡಿದೆ. ಓದಿನ ರಾಜಕಾರಣ, ಮೌಲ್ಯಮಾಪನದ ಅಧಿಕಾರ ಎಂದೆಲ್ಲ ಹೇಳಿದೆ. ಅವರು ಶೇಂಗಾ ಸಿಪ್ಪೆ ಬಿಡಿಸುತ್ತ ಕೇಳಿಸಿಕೊಂಡರು.

"ತಮ್ಮಾ, ಅದೆಲ್ಲಾ ಇರಲಿ. ಪುಸ್ತಕ ಚಲೋ ಅದನೋ ಇಲ್ಲೋ?"

ಅದು ಅಷ್ಟು ಸರಳವಲ್ಲ ಅಂದೆ.

"ನಿನಗ ಯುನಿವರ್ಸಿಟ್ಯಾಗ ಇದೊಂದು ಬಿಟ್ಟು ಎಲ್ಲಾ ಕಲಿಸ್ಯಾರ," ಅಂದರು.

ಕೆನಡಾದ ಕಾದಂಬರಿಗಳನ್ನು ಅವರು ಬೇರೆ ಕಾರಣಕ್ಕೆ ಓದುತ್ತಿದ್ದರು. ಅವರ ತಂಗಿ ಅಲ್ಲಿನ ವಿನ್ನಿಪೆಗ್‌ನಲ್ಲಿದ್ದಳು. "ಫೋನಿನ್ಯಾಗ ಬರೀ ಆರಾಮ ಇದ್ದೀನಿ ಅಂತಾಳ. ಆರಾಮ ಅಂದ್ರ ಹ್ಯಾಂಗಂತ ಈ ಪುಸ್ತಕದಾಗ ನೋಡ್ತೀನಿ," ಎಂದು ಒಮ್ಮೆ ಹೇಳಿದರು. ಅಲ್ಲಿನವರು ಹಂತಗಳನ್ನೆಲ್ಲ ನೀಟಾಗಿ ಬರೆದು ಕೊನೆಗೆ ಉತ್ತರದ ಜಾಗವನ್ನು ಖಾಲಿ ಬಿಡುತ್ತಾರೆ ಎಂಬುದು ಅವರ ದೂರು. ಗಂಡನ ಹೊಲದ ಮನೆ ಬಿಟ್ಟು ಹಿಮದಲ್ಲಿ ನಡೆದುಹೋದ ಹೆಂಗಸೊಬ್ಬಳ ಕಥೆಗೆ ಮೂವತ್ಮೂರು ಹಾಕಿದ್ದರು. ಯಾಕೆ ಹೋದಳೆಂದು ಅವಳು ಎಲ್ಲೂ ಬಾಯಿಬಿಡುವುದಿಲ್ಲ, ಹೇಳದೆ ಹೋದವಳಿಗೆ ಅಂಕ ಹೇಗೆ ಕೊಡುವುದು ಎಂಬುದು ವಾದ.

ತಿಂಗಳ ನಂತರ ಒಂದು ಬೆಳಿಗ್ಗೆ ನೋಟ್‌ಬುಕ್ಕು ಹಿಡಿದು ಮಹಡಿ ಹತ್ತಿ ಬಂದರು. ನಾನು ಕಾಲೇಜಿಗೆ ಹೊರಟಿದ್ದೆ. ತಂಗಿ ಮನೆಯ ಮುಂದಿನ ಐಸಿನಲ್ಲಿ ಜಾರಿ ಬಿದ್ದು, ಸೊಂಟದ ಮೂಳೆ ಬಿರುಕು ಬಿಟ್ಟು, ಐದು ವಾರ ಯಾರಿಗೂ ಹೇಳದೆ ಇದ್ದಳಂತೆ. ಅಷ್ಟೂ ದಿನ ಫೋನಿನಲ್ಲಿ ಆರಾಮ ಇದ್ದೀನಿ ಅನ್ನುತ್ತಿದ್ದಳಂತೆ. ಅಕ್ಕೋರು ನಿಂತೇ ನೋಟ್‌ಬುಕ್ಕು ತೆರೆದು, ಮೂವತ್ಮೂರನ್ನು ಹೊಡೆದುಹಾಕಿ, ಎಪ್ಪತ್ತೊಂದು ಬರೆದು, ಪಕ್ಕದಲ್ಲಿ ಸಹಿ ಮಾಡಿದರು.

"ರೀವ್ಯಾಲ್ಯುಯೇಶನ್," ಅಂದರು. "ಆಕಿ ಉತ್ತರ ಬರದಿದ್ಲು. ನನಗ ಓದಾಕ ಬರಲಿಲ್ಲ."

ಮುಂದಿನ ಭಾನುವಾರ ಅದೇ ಮಾತನ್ನು ಓದುಗರ ಬಳಗದಲ್ಲೂ ಎದ್ದು ನಿಂತು ಹೇಳಿದರು. ತಿಂಗಳಿಗೊಮ್ಮೆ ಲೈಬ್ರರಿಯ ಕೋಣೆಯಲ್ಲಿ ಸೇರುವ ನಮ್ಮ ಹದಿನೈದು ಕನ್ನಡದವರಲ್ಲಿ, ನಾನು ತಪ್ಪು ಓದಿದೆ ಎಂದು ಹೇಳಿದ್ದನ್ನು ಇನ್ಯಾರ ಬಾಯಲ್ಲೂ ನಾನು ಕೇಳಿಲ್ಲ.

ಕಳೆದ ಬೇಸಿಗೆಯಲ್ಲಿ ಆ ಬಳಗಕ್ಕೆ ಡ್ಯಾನ್‌ವಿಲ್‌ನಿಂದ ಒಬ್ಬ ಲೇಖಕಿ ಬಂದರು. ಆ ವರ್ಷ ಎಲ್ಲರ ಕೈಯಲ್ಲೂ ಅವರ ಇಂಗ್ಲಿಷ್ ಕಾದಂಬರಿ ಇತ್ತು. ಅದರಲ್ಲಿ ಭಾರತದಿಂದ ಬಂದ ಅಜ್ಜಿಯೊಬ್ಬಳು ಅರಿಶಿನದ ಹಾಲು ಕುಡಿಸಿ, ಎರಡು ಮಾತು ಹೇಳಿ, ಒಡೆದ ಮನೆಯನ್ನು ಕೂಡಿಸುತ್ತಾಳೆ. ಸಂಚಾಲಕರು ಅಕ್ಕೋರಿಗೆ ಮುಂಚೆಯೇ ಫೋನು ಮಾಡಿದ್ದರು. "ಈ ಸಲ ಮಾರ್ಕ್ಸು ಬೇಡ ಅಕ್ಕೋರೇ. ಗೆಸ್ಟು ಅವ್ರು. ಸುಮ್ನೆ ಅಪ್ರಿಶಿಯೇಟ್ ಮಾಡಿ ಕಳಿಸೋಣ." ಕೇಳದಿದ್ದರೆ ಹೇಳುವುದಿಲ್ಲ ಎಂದು ಅಕ್ಕೋರು ಒಪ್ಪಿದ್ದರು.

ಲೇಖಕಿಯೇ ಕೇಳಿದರು. ಮುಂದಿನ ಸಾಲಿನಲ್ಲಿ ಬಿಳಿ ದುಪಟ್ಟಾ ಹೊದ್ದು ಕೂತ ವಯಸ್ಸಾದ ಹೆಂಗಸನ್ನು ನೋಡಿ, ಈ ಅಜ್ಜಿಯ ಅಭಿಪ್ರಾಯ ತನಗೆ ಎಲ್ಲಕ್ಕಿಂತ ಮುಖ್ಯ ಅಂದರು.

"ಇಪ್ಪತ್ತೆಂಟು," ಅಂದರು ಅಕ್ಕೋರು. ಏನು ಇಪ್ಪತ್ತೆಂಟು ಎಂದು ತಿಳಿಯದೆ ಲೇಖಕಿ ನಕ್ಕರು. ಅಕ್ಕೋರು ವಿವರಿಸಿದರು, ಅವರ ಮಗಳು ತಲೆ ತಗ್ಗಿಸಿಕೊಂಡೇ ಇಂಗ್ಲಿಷಿಗೆ ಅನುವಾದಿಸಿದಳು. "ಇಡೀ ಪುಸ್ತಕದಾಗ ಈ ಅಜ್ಜಿ ಒಂದು ತಪ್ಪು ಮಾಡಿಲ್ಲ. ನಾನೂ ಅಜ್ಜಿ ಇದ್ದೀನಿ. ಇವತ್ತ ಮುಂಜಾನಿಂದ ಮೂರು ಮಾಡೀನಿ. ಆಕಿಗೆ ಒಂದರೆ ಮಾಡಾಕ ಬಿಡ್ರಿ. ಚಲೋ ಬರೀತೀರಿ ನೀವು, ಅದಕ್ಕ ಸಿಟ್ಟು ಬರ್ತದ."

ಲೇಖಕಿ ಥ್ಯಾಂಕ್ಸ್ ಹೇಳಿ ನೀರು ಕುಡಿದರು. ಸಂಚಾಲಕರು ಎದ್ದು ಕ್ಷಮೆ ಕೇಳಿದರು. ಆಮೇಲೆ ಎಲ್ಲರೂ, ಒಬ್ಬರ ನಂತರ ಒಬ್ಬರು, ಕಾದಂಬರಿಯ ಅಜ್ಜಿ ತಮ್ಮ ಅಜ್ಜಿಯಂತೆಯೇ ಇದ್ದಾಳೆ ಎಂದು ಹೊಗಳಿದರು.

ಇಲ್ಲಿ ನನ್ನ ತೊಂದರೆ ಶುರುವಾಗುತ್ತದೆ. ಆಗ ನಾನು ಎದ್ದು ನಿಂತು, ಅಕ್ಕೋರು ಹೇಳಿದ್ದು ಸರಿ ಅಂದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಕುರ್ಚಿ ಕಿರುಗುಟ್ಟಿದ ಸದ್ದೂ ನೆನಪಿದೆ. ಮಗಳು ಹೇಳುವುದೇ ಬೇರೆ: ಯಾರೂ ಏಳಲಿಲ್ಲ, ನಾನು ಕಾಫಿ ಕಪ್ಪಿನ ಮುಚ್ಚಳವನ್ನು ಉಗುರಿನಿಂದ ಕೆರೆಯುತ್ತಿದ್ದೆನಂತೆ. ಮನುಷ್ಯನ ನೆನಪು ಅವನಿಗೆ ಯಾವಾಗಲೂ ಒಳ್ಳೆಯ ಪಾತ್ರವನ್ನೇ ಕೊಡುತ್ತದೆ ಎಂದು ತರಗತಿಯಲ್ಲಿ ಪಾಠ ಹೇಳುವವನು ನಾನು. ಹಾಗಾಗಿ ಅಕ್ಕೋರನ್ನೇ ಕೇಳಿದ್ದೆ, ನಾನು ಅವತ್ತು ಮಾತಾಡಿದೆನಲ್ಲ ಎಂದು. ಅವರು ಬಟ್ಟೆಯ ಬುಟ್ಟಿ ಹೊತ್ತು ಲಾಂಡ್ರಿ ರೂಮಿನಿಂದ ಬರುತ್ತಿದ್ದರು.

"ಮಾತಾಡಿದೇನು?" ಅಂದರು. "ನನಗ ಕೇಳಸಲಿಲ್ಲ ತಮ್ಮಾ."

ಇನ್ನು ಮೇಲೆ ನೋಟ್‌ಬುಕ್ಕು ಮನೆಯಲ್ಲಿಟ್ಟು ಬರಬೇಕೆಂದು ಸಂಚಾಲಕರು ಅವರಿಗೆ ಹೇಳಿಕಳಿಸಿದರು. ಮುಂದಿನ ತಿಂಗಳು ಅಕ್ಕೋರು ಎಲ್ಲರಿಗಿಂತ ಮೊದಲು ಬಂದು, ಅದೇ ಮುಂದಿನ ಸಾಲಿನಲ್ಲಿ ನೋಟ್‌ಬುಕ್ಕನ್ನು ತೊಡೆಯ ಮೇಲೆ ತೆರೆದಿಟ್ಟು ಕೂತರು. "ಬ್ಯಾಡಂದ್ರ ಬಾಗಲದಾಗ ನಿಂತು ತಡೀರಿ," ಅಂದರು. ಯಾರೂ ತಡೆಯಲಿಲ್ಲ, ಆದರೆ ಯಾರೂ ಅಂಕವನ್ನೂ ಕೇಳಲಿಲ್ಲ. ಐದು ತಿಂಗಳು ಹೀಗೆ ನಡೆಯಿತು. ಪ್ರತಿ ಸಲ ಅವರು ಓದಿಕೊಂಡು ಬಂದರು, ಕಾದರು, ನೋಟ್‌ಬುಕ್ಕು ಮುಚ್ಚಿಕೊಂಡು ಎದ್ದರು. ಆ ಐದು ತಿಂಗಳು ನಾನೂ ಕೇಳಲಿಲ್ಲ. ಇದರಲ್ಲಿ ನನಗೆ ಅನುಮಾನವಿಲ್ಲ. ಇಂಥದ್ದನ್ನು ನೆನಪು ಕಟ್ಟಿ ಹೇಳುವುದಿಲ್ಲ.

ಫೆಬ್ರವರಿಯಲ್ಲಿ ಜ್ವರ ಬಂದು ನ್ಯುಮೋನಿಯಾಕ್ಕೆ ತಿರುಗಿತು. ಒಂಬತ್ತನೆಯ ದಿನ ಅಕ್ಕೋರು ಹೋದರು. ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಅರ್ಧ ಓದಿದ ಕಾದಂಬರಿಯಿತ್ತು. ಮಗಳು ಅದನ್ನು ಲೈಬ್ರರಿಗೆ ವಾಪಸು ಕೊಟ್ಟಳು.

ಮಾರ್ಚಿನ ಸಭೆಯಲ್ಲಿ ಸಂಚಾಲಕರು ಶ್ರದ್ಧಾಂಜಲಿಯ ಕರಡನ್ನು ಓದಿದರು. ಎಲ್ಲ ಪುಸ್ತಕಗಳನ್ನೂ ಪ್ರೀತಿಸಿದವರು, ಯಾರ ಮನಸ್ಸನ್ನೂ ನೋಯಿಸದವರು, ನಮ್ಮೆಲ್ಲರ ಮುದ್ದಿನ ಅಜ್ಜಿ ಎಂದಿತ್ತು. ಅದು ಬಳಗದ ಸುದ್ದಿಹಾಳೆಯಲ್ಲಿ ಅಚ್ಚಾಗುವುದಿತ್ತು. ಯಾರಾದರೂ ಏನಾದರೂ ಸೇರಿಸುವುದಿದೆಯೇ ಎಂದು ಕೇಳಿದರು.

ಸೇರಿಸುವುದಲ್ಲ, ತೆಗೆಯುವುದಿದೆ ಅಂದೆ. ಅವರು ಎಲ್ಲ ಪುಸ್ತಕಗಳನ್ನೂ ಪ್ರೀತಿಸಲಿಲ್ಲ, ಓದಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಫೇಲು ಮಾಡಿದರು. ನಮ್ಮ ಮನಸ್ಸನ್ನು ಪ್ರತಿ ತಿಂಗಳೂ ನೋಯಿಸಿದರು, ಪುಸ್ತಕ ಓದದೆ ಬಂದು ಹೊಗಳುತ್ತಿದ್ದೆವು ಎಂಬ ಕಾರಣಕ್ಕೆ. ತಪ್ಪು ಮಾಡಿದರು, ತಿದ್ದಿಕೊಂಡರು, ಅದನ್ನು ನಮ್ಮೆದುರು ಒಪ್ಪಿಕೊಂಡರು. ಅವರ ಅಂಕಗಳನ್ನು ಐದು ತಿಂಗಳು ನಾವು ಬೇಕೆಂದೇ ಕೇಳಲಿಲ್ಲ. ಅದೂ ಹಾಳೆಯಲ್ಲಿ ಬರಬೇಕು ಅಂದೆ.

"ಇದು ಶ್ರದ್ಧಾಂಜಲಿ, ಸಾರ್," ಅಂದರು ಸಂಚಾಲಕರು.

ಅದಕ್ಕೇ ನಿಜ ಬರೆಯಬೇಕು ಅಂದೆ. ಅವರು ಬರೆಯಲಿಲ್ಲ. ಹಾಳೆಯಲ್ಲಿ ಮುದ್ದಿನ ಅಜ್ಜಿಯೇ ಅಚ್ಚಾದಳು. ಆದ್ದರಿಂದ ಇದನ್ನು ಬರೆದಿದ್ದೇನೆ. ಈ ಸಲ ನಾನು ಮಾತಾಡಿದೆನೋ ಇಲ್ಲವೋ ಎಂಬುದಕ್ಕೆ ಯಾರೂ ನನ್ನ ನೆನಪನ್ನು ನಂಬಬೇಕಾಗಿಲ್ಲ. ಕೋಣೆಯಲ್ಲಿದ್ದ ಹದಿಮೂರು ಜನಕ್ಕೂ ಕೇಳಿಸಿದೆ. ಕೇಳಿಸಬೇಕಾಗಿದ್ದವರು ಅಲ್ಲಿರಲಿಲ್ಲ.