ಕೂಸಿಗೆ ಎರೆದ ದಿನ

ಬೆಳಿಗ್ಗೆ ನಲ್ಲಿ ಬಿಟ್ಟಾಗ ಡ್ರಮ್ಮು, ಕೊಡ ಎಲ್ಲ ತುಂಬಿಸಿದೆ. ಅಂಗಳ ಗುಡಿಸಿ ನೀರು ಚಿಮುಕಿಸಿದೆ. ಬಾಣಂತಿಗೆ ಬಿಸಿ ಹಾಲಿಗೆ ಶುಂಠಿ ಪುಡಿ ಹಾಕಿ ಕೊಟ್ಟೆ. ಕೂಸಿನ ಬಟ್ಟೆಗಳನ್ನು ಬೇರೆ ಬಕೆಟ್ಟಿನಲ್ಲಿ ನೆನೆಸಿ, ಒಗೆದು, ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದೆ. ಧೂಳು ಕೂಡಬಾರದೆಂದು ಮೇಲೊಂದು ಹಳೇ ಸೀರೆ ಹೊದಿಸಿದೆ. ಸಬ್ಬಸಿಗೆ ಸೊಪ್ಪು ಸೋಸಿದೆ. ಯಜಮಾನರಿಗೆ ರೊಟ್ಟಿ ಕಟ್ಟಿಕೊಟ್ಟೆ. ಬಚ್ಚಲದ ಹಂಡೆಗೆ ಉರಿ ಹಾಕಿದೆ. ಕೂಸಿಗೆ ಎರೆದೆ.

ಈ ಕೊನೆಯ ಕೆಲಸವನ್ನು ಬೇರೆ ಮನೆಯಲ್ಲಾದರೆ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಮಗಳು ಹೆರಿಗೆಗೆ ತವರಿಗೆ ಬಂದರೆ ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರು ಎರೆಯುವವಳು ಅಜ್ಜಿಯೇ. ಆದರೆ ಮೊಮ್ಮಗಳು ಹುಟ್ಟಿ ತಿಂಗಳು ದಾಟಿದ್ದರೂ ನಾನು ಎರೆದಿರಲಿಲ್ಲ. ಹೊಸಪೇಟೆಯಲ್ಲಿ ನಮ್ಮ ಹಿಂದಿನ ಓಣಿಯಲ್ಲಿ ಕೂಸುಗಳಿಗೆ ಎರೆಯುವುದನ್ನೇ ಕೆಲಸ ಮಾಡಿಕೊಂಡ ಒಬ್ಬ ಮುದುಕಿ ಇದ್ದಾಳೆ. ಮಗಳು ಆಸ್ಪತ್ರೆಯಿಂದ ಬಂದ ಮಾರನೆಯ ದಿನವೇ ಅವಳನ್ನು ಗೊತ್ತು ಮಾಡಿದೆ. ಅವಳು ಎರೆಯುವಾಗ ನಾನು ಬಚ್ಚಲದ ಬಾಗಿಲಲ್ಲಿ ಟವೆಲ್ಲು ಹಿಡಿದು ನಿಲ್ಲುತ್ತಿದ್ದೆ, ಅಷ್ಟೆ.

“ಏನ್ ತಂಗೀ, ಬಟ್ಟಿ ಒಗೀತಿ, ಹಾಲು ಕಾಸ್ತಿ, ಮೊಮ್ಮಗಳ್ನ ಮುಟ್ಟಾಕ ಮಾತ್ರ ಒಲ್ಲೆಂತಿ. ಮುಟ್ಟಿದ್ರ ಬೆಲ್ಲದಂಗ ಕರಗ್ತಾಳನು?” ಎಂದು ಅವಳು ಹಂಗಿಸುತ್ತಿದ್ದಳು.

“ಸೊಂಟ ಹಿಡ್ಕಂಡೈತಿ ಅಜ್ಜೀ, ಕಾಲು ಚಾಚಿ ಕುಂದ್ರಾಕ ಆಗಾದಿಲ್ಲ.”

“ಚರ್ಚಿನಾಗ ತಾಸುಗಟ್ಟಲೆ ಮೊಣಕಾಲೂರಾಕ ಆಗ್ತೈತಿ?”

ಒಳಗಿನ ಕೋಣೆಯಲ್ಲಿದ್ದ ಮಗಳು ಏನೂ ಅನ್ನುತ್ತಿರಲಿಲ್ಲ. ಅವಳ ಸುಮ್ಮನಿರುವಿಕೆಗೆ ಬೇರೆ ಅರ್ಥ ಇರಬಹುದೆಂದು ನನಗೆ ಹೊಳೆಯಲೂ ಇಲ್ಲ.

ನಿಜ ಏನೆಂದರೆ, ನನಗೆ ನನ್ನ ಕೈಗಳ ಭಯ. ನನ್ನ ಮಗಳಿಗೆ ಎಡಗಿವಿ ಕೇಳುವುದಿಲ್ಲ. ಅದು ನನ್ನ ಕೈಯಿಂದಲೇ ಹೋಯಿತೆಂದು ನಂಬಿಕೊಂಡು ಬಂದವಳು ನಾನು.

ಅವಳು ಸಣ್ಣವಳಿದ್ದಾಗ ನಾವು ಸಂಡೂರಿನ ಹತ್ತಿರ ಯಶವಂತನಗರದಲ್ಲಿದ್ದೆವು. ಯಜಮಾನರು ಅದಿರಿನ ಲಾರಿ ಓಡಿಸುತ್ತಿದ್ದರು. ಗಣಿ ಕೆಲಸಕ್ಕೆ ಹೋಗುವ ಹೆಂಗಸರ ಮಕ್ಕಳನ್ನು ನೋಡಿಕೊಳ್ಳಲು ಒಂದು ಶೆಡ್ಡು ಇತ್ತು. ಅಲ್ಲಿ ನಾನು ಆಯಾ. ಸ್ವಂತ ಮಗು ಕಣ್ಣೆದುರಿಗಿದ್ದರೆ ಉಳಿದ ಮಕ್ಕಳ ಮೇಲೆ ಗಮನ ಇರುವುದಿಲ್ಲವೆಂದು ಗಣಿಯವರು ಅವಳನ್ನು ಅಲ್ಲಿಗೆ ಕರೆದೊಯ್ಯಲು ಬಿಡುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದೆ.

ಅವಳಿಗೆ ಮೂರು ತುಂಬಿದ ಮಳೆಗಾಲದಲ್ಲಿ ಕಿವಿನೋವು, ಜ್ವರ ಬಂತು. ನನ್ನ ತಾಯಿ ಮಾಡುತ್ತಿದ್ದಂತೆ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ, ಆರಿಸಿ, ಕಿವಿಗೆ ಬಿಟ್ಟೆ. ಅತ್ತು ಅತ್ತು ಮಲಗಿದಳು. ಬೆಳಿಗ್ಗೆ ದಿಂಬಿನ ಮೇಲೆ ಕೀವು ಇತ್ತು. ಜ್ವರ ಇಳಿದಿತ್ತು. ಕೀವು ಹೊರಗೆ ಬಿತ್ತಲ್ಲ, ಇನ್ನು ನೋವು ಹೋಯಿತು ಎಂದುಕೊಂಡು ಹತ್ತಿ ಇಟ್ಟು ಕೆಲಸಕ್ಕೆ ಹೋದೆ. ಆಮೇಲೂ ಕಿವಿ ಸೋರುತ್ತಲೇ ಇತ್ತು. ನಮ್ಮ ಮನೆಗಳ ಸಾಲಿನಲ್ಲಿ ಬಹಳ ಮಕ್ಕಳಿಗೆ ಕಿವಿ ಸೋರುತ್ತಿತ್ತು. ದೊಡ್ಡವಳಾದಂತೆ ನಿಲ್ಲುತ್ತದೆ ಎಂದರು, ನನಗೂ ಹಾಗೇ ನಂಬುವುದು ಅನುಕೂಲವಾಗಿತ್ತು. ರಜೆ ಕೇಳಿದರೆ ನನ್ನ ಜಾಗಕ್ಕೆ ಇನ್ನೊಬ್ಬಳನ್ನು ಇಟ್ಟುಕೊಳ್ಳುತ್ತಾರೆಂಬ ಹೆದರಿಕೆ. ಬೇರೆಯವರ ಮಕ್ಕಳ ಮೂಗು ಒರೆಸಿ, ಕಿವಿಗೆ ನೀರು ಹೋಗದಂತೆ ಅವರ ತಲೆ ತೊಳೆದು ಸಂಜೆಗೆ ಮನೆಗೆ ಬರುತ್ತಿದ್ದೆ. ಬಂದು ಇವಳ ಕಿವಿಯ ಹತ್ತಿ ಬದಲಿಸುತ್ತಿದ್ದೆ.

ಬಳ್ಳಾರಿಯ ಡಾಕ್ಟರರ ಹತ್ತಿರ ಹೋಗುವ ಹೊತ್ತಿಗೆ ಆ ಕಿವಿ ಹೋಗಿಯೇ ಬಿಟ್ಟಿತ್ತು. ಎಣ್ಣೆಯಿಂದ ಹಿಂಗಾತೇನ್ರಿ ಎಂದು ಕೇಳಿದೆ. “ಎಣ್ಣೆ ಹಾಕಬಾರದಿತ್ತಮ್ಮ. ಆದರೆ ಅದರಿಂದಲೇ ಆಯ್ತು ಅಂತ ಹೇಳೋಕಾಗಲ್ಲ, ಒಳಗೇ ಸೋಂಕಿತ್ತು. ಬೇಗ ಬಂದಿದ್ದರೆ ಏನಾದರೂ ಆಗ್ತಿತ್ತೋ ಏನೋ, ಅದನ್ನೂ ಖಂಡಿತ ಹೇಳೋಕಾಗಲ್ಲ,” ಎಂದರು. ಅವರ ಮಾತಿನಲ್ಲಿ ನಾನು ಎರಡನ್ನು ಮಾತ್ರ ಆರಿಸಿಕೊಂಡೆ: ಹಾಕಬಾರದಿತ್ತು, ಬೇಗ ಬರಬೇಕಿತ್ತು. ಉಳಿದದ್ದನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದೆ.

ಮಗಳು ಒಂದೇ ಕಿವಿಯಲ್ಲಿ ಬೆಳೆದಳು. ಶಾಲೆಯಲ್ಲಿ ಎಡಗಡೆ ಗೋಡೆ ಬರುವಂಥ ಬೆಂಚು ಹುಡುಕಿ ಕೂತು ಓದಿದಳು, ಟೀಚರಾದಳು, ಮದುವೆಯಾದಳು. ಕಿವಿಯ ಮಾತು ಬಂದರೆ ನಾನು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ಅವಳು ಉಂಡ ತಟ್ಟೆಯನ್ನು ಮದುವೆಯಾಗುವ ತನಕ ಅವಳಿಂದ ತೊಳೆಸಲಿಲ್ಲ. “ನಾನೇನು ಬೀಗರೇನ್ ಯಮ್ಮಾ, ಇಷ್ಟು ಉಪಚಾರ ಮಾಡ್ತಿ?” ಎಂದು ಅವಳೇ ಬೇಸರ ಮಾಡಿಕೊಳ್ಳುತ್ತಿದ್ದಳು.

ಅವಳ ಮುಂದೆ ಆಡದ ಮಾತನ್ನು ಚರ್ಚಿಗೆ ಒಯ್ಯುತ್ತಿದ್ದೆ. ಕ್ರಿಸ್‌ಮಸ್ಸಿಗೆ ಮೊದಲು, ಈಸ್ಟರಿಗೆ ಮೊದಲು ಪಾಪನಿವೇದನೆಗೆ ಮೊಣಕಾಲೂರಿದಾಗ ಸಿಟ್ಟು, ಸುಳ್ಳು, ನೆರೆಮನೆಯವಳ ಮೇಲಿನ ಹೊಟ್ಟೆಕಿಚ್ಚು ಇವೆಲ್ಲ ಹೇಳಿ, ಕೊನೆಗೆ ಇದನ್ನೂ ಹೇಳುತ್ತಿದ್ದೆ. ಫಾದರುಗಳು ಬದಲಾದರು, ನನ್ನ ಪಾಪ ಬದಲಾಗಲಿಲ್ಲ. ಅವರು ಕ್ಷಮೆ ಕೊಟ್ಟು, ಪರಲೋಕ ಮಂತ್ರ ಹೇಳಿಕೊಳ್ಳಮ್ಮ ಎನ್ನುತ್ತಿದ್ದರು. ಬೆಂಚಿನಲ್ಲಿ ಕೂತು ಹೇಳಿಕೊಳ್ಳುತ್ತಿದ್ದೆ. ಚಪ್ಪಲಿ ಮೆಟ್ಟುವಾಗ ಆ ಪಾಪವೂ ನನ್ನ ಜೊತೆಗೇ ಮನೆಗೆ ಹೊರಡುತ್ತಿತ್ತು.

ಚರ್ಚಿನಲ್ಲಿ ಕೂಸಿನ ಜ್ಞಾನಸ್ನಾನಕ್ಕೆ ದಿನ ಗೊತ್ತಾಗಿತ್ತು. ಅದಕ್ಕೆ ಮುಂಚೆ ಮನೆಯವರೆಲ್ಲ ಪಾಪನಿವೇದನೆ ಮಾಡಿ ಬನ್ನಿ ಎಂದಿದ್ದರು. ಈಗಿನ ಫಾದರ್ ಕರಾವಳಿ ಕಡೆಯವರು, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಶನಿವಾರ ಸಂಜೆ ಹೋದೆ. ಎಲ್ಲ ಹೇಳಿ, ಕೊನೆಗೆ ಕಿವಿಯದನ್ನು ಹೇಳಿದೆ.

“ಇದನ್ನು ಮೊದಲು ಯಾವತ್ತಾದರೂ ಹೇಳಿದ್ದೀರಾ ಅಮ್ಮ?”

“ಪ್ರತಿ ಸಲ ಹೇಳ್ತೀನ್ರಿ ಫಾದರ್.”

“ಯಾವಾಗಿಂದ?”

“ಅಕಿ ಮೂರು ವರ್ಷದಾಕಿ ಇದ್ದಾಗಿಂದ.”

“ಈಗ?”

“ಈಗ ಬಾಣಂತಿ ಅದಾಳ್ರಿ.”

ನಮ್ಮಿಬ್ಬರ ನಡುವಿನ ಜಾಲಂಧ್ರದ ಆ ಕಡೆ ಅವರು ನಕ್ಕರೇನೋ ಅನಿಸಿತು. ಆಮೇಲೆ ಮೆಲ್ಲಗೆ ಹೇಳಿದರು: “ಮೊದಲನೇ ಸಲವೇ ದೇವರು ಕ್ಷಮಿಸಿ ಆಯಿತು. ಆಮೇಲೆ ಪ್ರತಿ ಸಲ ನೀವು ಬಂದು, ಸ್ವಾಮೀ, ನೀವು ಕೊಟ್ಟದ್ದು ಸಾಲಲಿಲ್ಲ ಅಂತ ಅವರಿಗೇ ಹೇಳ್ತಾ ಇದ್ದೀರಿ. ಇನ್ನು ಮೇಲೆ ಈ ಪಾಪವನ್ನು ಇಲ್ಲಿಗೆ ತರಬೇಡಿ. ಇದೇ ನಿಮ್ಮ ಪ್ರಾಯಶ್ಚಿತ್ತ.”

“ಮಂತ್ರ ಎಷ್ಟು ಹೇಳ್ಲಿ ಫಾದರ್?”

“ಒಂದೂ ಬೇಡ.”

ಸಮಾಧಾನವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಸಿಟ್ಟು ಬಂತು. ಹೆತ್ತವಳ ಕಷ್ಟ ಈ ಹುಡುಗ ಫಾದರಿಗೆ ಏನು ಗೊತ್ತು ಎಂದುಕೊಂಡೆ. ಭಾನುವಾರ ಪೂಜೆಯಲ್ಲಿ ಎಲ್ಲರೊಂದಿಗೆ ವಿಶ್ವಾಸದ ಪ್ರಾರ್ಥನೆ ಹೇಳುವಾಗ, ಪಾಪಗಳ ಕ್ಷಮೆಯನ್ನು ನಂಬುತ್ತೇನೆ ಎನ್ನುವ ಜಾಗಕ್ಕೆ ಬಂದೆ. ನಾಲಿಗೆ ತಡೆಯಿತು. ಇಷ್ಟು ವರ್ಷ ಆ ಮಾತನ್ನು ಲೋಕದವರಿಗೆಲ್ಲ ಸೇರಿಸಿ ಹೇಳುತ್ತಿದ್ದೆ, ನನ್ನೊಬ್ಬಳನ್ನು ಬಿಟ್ಟು. ಬಿಟ್ಟದ್ದು ಭಕ್ತಿಯೆಂದು ತಿಳಿದಿದ್ದೆ.

ಮರುದಿನ ಸೋಮವಾರ. ಹಂಡೆಗೆ ಉರಿ ಹಾಕಿ ಅಜ್ಜಿಯ ದಾರಿ ನೋಡುತ್ತಿದ್ದರೆ ಅವಳ ಫೋನು ಬಂತು. ಕಂಪ್ಲಿಯಲ್ಲಿ ತಂಗಿಯ ಮೊಮ್ಮಗನ ತೊಟ್ಟಿಲ ಕಾರ್ಯ, ಬಸ್ಸು ಹತ್ತಿಯಾಗಿದೆ. “ಇವತ್ತು ನೀನ ಎರಿ ತಂಗಿ, ಒಂದಿನ ಆ ಸೊಂಟನೋವಿಗೆ ರಜಾ ಕೊಡು,” ಎಂದು ಕೂಗಿ ಇಟ್ಟಳು.

ಯಜಮಾನರು ಈಗ ಲಾರಿ ಬಿಟ್ಟು ಹಂಪಿ ನೋಡಲು ಬರುವವರಿಗೆ ಕಾರು ಓಡಿಸುತ್ತಾರೆ. ಶರಟು ಹಾಕಿಕೊಳ್ಳುತ್ತ, “ಒಂದಿನ ಒದ್ದಿ ಬಟ್ಟಿಲೆ ಒರೆಸಿ ಬಿಡ್ರಿ, ಏನಾಗ್ತೈತಿ? ನಾನೂ ಎಷ್ಟೋ ದಿನ ಹಂಗ ಹೋಗೀನಿ,” ಎಂದರು.

“ಅದಕ್ಕ ಲಾರಿ ಕ್ಲೀನರ್ರು ಹಿಂದ ಕುಂದ್ರತಿದ್ರು,” ಎಂದಳು ಮಗಳು.

ಆದರೆ ಒರೆಸಿದರೆ ಆಗುವಂತಿರಲಿಲ್ಲ. ಹಿಂದಿನ ದಿನದಿಂದ ಕೂಸು ಹಾಲು ಕಕ್ಕುತ್ತಿತ್ತು. ಕತ್ತಿನ ಮಡಿಕೆಗಳು ಕೆಂಪಾಗಿ, ನಿದ್ದೆಯಿಲ್ಲದೆ ರಚ್ಚೆ ಹಿಡಿದಿತ್ತು. ಅವರು ಕಾರು ತೆಗೆದುಕೊಂಡು ಹೋದ ಮೇಲೆ ಮಗಳು ನನ್ನ ಮುಖ ನೋಡಿದಳು. ನಾನು ಹಂಡೆಯ ನೀರು ನೋಡಿದೆ.

“ಬಿಡು, ಕೂಸಿಗೆ ನಾನ ಎರೀತೀನಿ,” ಎಂದು ಕೂಸನ್ನು ನನ್ನ ಪಕ್ಕದ ಚಾಪೆಯ ಮೇಲೆ ಹಾಕಿ ಬಚ್ಚಲಿಗೆ ಹೋದಳು. ಅವಳಿಗೆ ಆಪರೇಷನ್ ಆಗಿ ಹೆರಿಗೆ. ಹೊಲಿಗೆಯ ನೋವು ಇನ್ನೂ ಪೂರ್ತಿ ಹೋಗಿರಲಿಲ್ಲ. ಗೋಡೆ ಹಿಡಿದು ಮಣೆಯ ಮೇಲೆ ಕೂರಲು ಹೋಗಿ, ಅರ್ಧಕ್ಕೆ ನಿಂತು, ಹಲ್ಲು ಕಚ್ಚಿ ಉಸಿರು ಬಿಗಿಹಿಡಿದಳು.

ಆ ಉಸಿರು ಕೇಳಿ ನನಗೆ ತಡೆಯಲಾಗಲಿಲ್ಲ. “ಏಳು ಮ್ಯಾಲೆ. ಕುರ್ಚಿ ಹಾಕ್ತೀನಿ, ಅದರ ಮ್ಯಾಲ ಕುಂದ್ರು,” ಎಂದೆ.

ಸೀರೆ ಮೊಣಕಾಲಿಗೆ ಏರಿಸಿ, ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡೆ. ಹಣೆಗೆ ಶಿಲುಬೆ ಗುರುತು ಹಾಕಿದೆ. ಬಟ್ಟಲಿನ ಎಣ್ಣೆಗೆ ಮೊದಲು ಬೆರಳ ತುದಿಯನ್ನಷ್ಟೇ ಅದ್ದಿದೆ. ಎದೆಗೆ, ಬೆನ್ನಿಗೆ, ತೊಡೆಗೆ ಹಚ್ಚಿದೆ.

“ಕಿವಿಗೆ ಬಿಡಬ್ಯಾಡ ಯಮ್ಮಾ, ಡಾಕ್ಟ್ರು ಹೇಳ್ಯಾರ,” ಎಂದಳು ಮಗಳು.

ಥಟ್ಟನೆ ತಲೆಯೆತ್ತಿ ನೋಡಿದರೆ ಅವಳು ಟವೆಲ್ಲು ಮಡಚುತ್ತಿದ್ದಳು. ಅಡುಗೆಗೆ ಉಪ್ಪು ಜಾಸ್ತಿ ಹಾಕಬೇಡ ಎನ್ನುವಂತೆ ಹೇಳಿದ್ದಳು, ಅಷ್ಟೇ. ಆ ಮಾತಿನ ಹಿಂದೆ ಏನೂ ಇರಲಿಲ್ಲ.

ಮೊಣಕೈಯಿಂದ ನೀರು ನೋಡಿದೆ. ತಲೆಗೆ ಎರೆಯುವಾಗ ಎಡಗೈಯಿಂದ ತಲೆ ಹಿಡಿದು, ಹೆಬ್ಬೆರಳಿನಿಂದ ಒಂದು ಕಿವಿಯ ಹಾಲೆ, ನಡುಬೆರಳಿನಿಂದ ಇನ್ನೊಂದು ಕಿವಿಯ ಹಾಲೆ ಮಡಿಚಿ ಒತ್ತಬೇಕು. ಹಾಗೆ ಒತ್ತಿದೆ. ಶೆಡ್ಡಿನಲ್ಲಿ ಎಷ್ಟೋ ಮಕ್ಕಳಿಗೆ ಮಾಡಿದ್ದ ಕೆಲಸ, ಬೆರಳುಗಳು ಮರೆತಿರಲಿಲ್ಲ. ಬಿಸಿನೀರು ಬಿದ್ದದ್ದೇ ಕೂಸು ಅಳು ನಿಲ್ಲಿಸಿ ಬಾಯಿ ಚಪ್ಪರಿಸಿತು.

“ನಿನಗ ಎಷ್ಟು ಚಂದ ಎರಿಯಾಕ ಬರ್ತೈತಿ,” ಎಂದಳು ಮಗಳು. ದನಿ ಒಂಥರಾ ಇತ್ತು. “ಮತ್ತ ಇಷ್ಟು ದಿನ ಯಾಕ ಮುಟ್ಲಿಲ್ಲ? ಹೆಣ್ಣಂತನಾ?”

ತಂಬಿಗೆ ಕೈಯಲ್ಲೇ ಉಳಿಯಿತು.

“ನಮ್ಮತ್ತಿ ಬಂದಾಗ, ಹೆಣ್ಣಾತಂತ ಬ್ಯಾಸರ ಮಾಡ್ಕಬ್ಯಾಡ್ರಿ ಬೀಗ್ತಿ ಅಂದ್ರು. ನೀನು ಸುಮ್ಕ ಕುಂತಿದ್ದಿ. ಒಂದು ಮಾತು ಆಡ್ಲಿಲ್ಲ. ದಿನಾ ಆ ಅಜ್ಜಿ ಕೈಯಾಗ ಕೊಟ್ಟು ದೂರ ನಿಂದರ್ತಿದ್ದಿ. ನಾನು ಏನಂತ ತಿಳ್ಕಬೇಕು?”

ಆ ಬೀಗ್ತಿ ಅಂದದ್ದು ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಆ ಹೊತ್ತಿನಲ್ಲಿ ಕೂಸಿನ ಕಿವಿ ನೋಡುತ್ತ ಕೂತಿದ್ದೆ. ಹೇಳಲು ಬಾಯಿ ತೆರೆದರೆ ಅಳು ಬಂತು. ಕಾಲ ಮೇಲೆ ಕೂಸು, ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇಲ್ಲ. ಹಾಗೇ ಅಳುತ್ತ ಹೇಳಿದೆ: ಬೆಳ್ಳುಳ್ಳಿ ಎಣ್ಣೆ, ಕೀವು, ಹತ್ತಿ, ಕೇಳದ ರಜೆ, ಬಳ್ಳಾರಿ ಡಾಕ್ಟರು. ಮೊಮ್ಮಗಳನ್ನು ಮುಟ್ಟಿದರೆ ಇದಕ್ಕೂ ಏನಾದರೂ ಮಾಡಿಬಿಡುತ್ತೇನೆಂಬ ಭಯ.

ಮಗಳು ಕೇಳುವ ಕಿವಿಯನ್ನು ನನ್ನ ಕಡೆ ಮಾಡಿ ಕೂತಿದ್ದಳು.

“ಕೂಸಿಗೆ ಥಂಡಿ ಆಗ್ತೈತಿ, ನೀರು ಹಾಕು,” ಎಂದಳು ಮೊದಲು. ಹಾಕಿದೆ. ಆಮೇಲೆ ಹೇಳಿದಳು: “ಕಿವೀದು ನನಗ ಗೊತ್ತೈತಿ. ಅಪ್ಪ ಎಂದೋ ಹೇಳ್ಯಾನ. ಅದರಾಗ ಏನೈತಿ? ನಮ್ಮತ್ತಿ ಮಾತಾಡುವಾಗ ಎಡಗಡೆ ಕುಂದ್ರಿಸ್ಕಂಡ್ರ ಆತು.” ಕೂಸಿನ ಕಡೆ ನೋಡಿ, “ಕಿವಿ ಹೋಗಿದ್ದಕ್ಕ ನಾನು ಎಂದೂ ಅತ್ತಿಲ್ಲ. ನೀನು ನನ್ನ ಮಗಳ್ನ ಮುಟ್ಲಿಲ್ಲಲ್ಲ, ಅದಕ್ಕ ಈ ತಿಂಗಳೆಲ್ಲ ಅತ್ತೀನಿ,” ಎಂದಳು.

ಹಳೆಯ ತಪ್ಪನ್ನು ಎದೆಗವಚಿಕೊಂಡು ಕೂತವಳು ಅದೇ ಕೈಯಿಂದ ಹೊಸದೊಂದನ್ನು ಮಾಡುತ್ತಿದ್ದೆ, ಅದೂ ಬಾಣಂತಿಗೆ. ನನ್ನನ್ನು ನಾನು ಕ್ಷಮಿಸದಿರುವುದರಿಂದ ಯಾರಿಗೂ ನಷ್ಟವಿಲ್ಲ, ನಷ್ಟವಾದರೆ ನನಗೊಬ್ಬಳಿಗೇ ಎಂದು ತಿಳಿದಿದ್ದೆನಲ್ಲ, ಅದು ಎಷ್ಟು ದೊಡ್ಡ ತಪ್ಪು ಲೆಕ್ಕ.

“ಮುಟ್ಟದೆ ಇದ್ದದ್ದು ನಂದು ತಪ್ಪಾತವ್ವ,” ಎಂದೆ.

“ಆತು ಬಿಡು,” ಎಂದಳು.

ಇನ್ನೊಮ್ಮೆ ಹೇಳಲು ನಾಲಿಗೆ ಎದ್ದಿತ್ತು. ನಿಜವಾಗ್ಲೂ ಬಿಟ್ಟಿಯೇನು ಎಂದು ಕೇಳುವ ಚಟ ನನ್ನದು. ಫಾದರ್ ಹೇಳಿದ್ದು ನೆನಪಾಯಿತು. ಕೊಟ್ಟವಳಿಗೆ ಸಾಲಲಿಲ್ಲ ಎನ್ನಬಾರದು. ಅವಳು ಆತು ಬಿಡು ಎಂದಿದ್ದಳು, ಆಯಿತು, ಬಿಟ್ಟೆ. ಕಿವಿಯದಕ್ಕೆ ದೇವರೂ ಯಾವತ್ತೋ ಅದನ್ನೇ ಅಂದಿದ್ದನಲ್ಲ ಎಂಬುದು ಆ ಬಚ್ಚಲದಲ್ಲಿ, ಕೂಸನ್ನು ಬೋರಲು ಹಾಕಿ ಬೆನ್ನು ತಿಕ್ಕುವಾಗ ಗೊತ್ತಾಯಿತು. ಹಗುರವಾದೆ ಎನ್ನಲಾರೆ. ಬಹಳ ದಿನ ಬುಟ್ಟಿ ಹೊತ್ತವಳು ಇಳಿಸಿದ ಮೇಲೂ ತಲೆಗೆ ಕೈ ಒಯ್ಯುತ್ತಾಳೆ. ನನ್ನ ಕೈಯೂ ಇನ್ನು ಕೆಲವು ದಿನ ಹೋಗುತ್ತದೆ. ಹೋದಾಗ ಅಲ್ಲಿ ಬುಟ್ಟಿ ಇಲ್ಲವೆಂದು ಹೇಳಿಕೊಳ್ಳಬೇಕು.

ಮಗಳು ಟವೆಲ್ಲು ಚಾಚಿದಳು. ನಾನೇ ಸುತ್ತಿ, ಎದೆಗೆ ಒತ್ತಿಕೊಂಡು ಒಳಗೆ ತಂದೆ. ಕಿವಿಯ ಹಿಂದೆ, ಕತ್ತಿನ ಮಡಿಕೆಗಳಲ್ಲಿ ಮೆತ್ತಗೆ ಒರೆಸಿದೆ. ಅಂಗಿ ತೊಡಿಸುವಾಗ ಕೂಸು ನನ್ನ ಬಳೆ ಹಿಡಿದು ಬಿಡಲಿಲ್ಲ. “ನೋಡು, ಸಾಲ ವಸೂಲಿ ಮಾಡ್ತಾಳ,” ಎಂದು ಮಗಳು ನಕ್ಕಳು. ಬಾಣಂತನಕ್ಕೆ ಬಂದ ಮೇಲೆ ಅವಳು ಹಾಗೆ ಬಾಯ್ತುಂಬ ನಕ್ಕಿದ್ದು ನಾನು ನೋಡಿರಲಿಲ್ಲ.

ರಾತ್ರಿ ಜೋಳದ ರೊಟ್ಟಿ, ಸಬ್ಬಸಿಗೆ ಪಲ್ಯ, ಬಾಣಂತಿಗೆ ಮೆಣಸಿನ ಸಾರು ಮತ್ತು ಬಿಸಿ ಅನ್ನ. ಯಜಮಾನರು ಹಂಪಿಯಿಂದ ಬರುವಾಗ ಬಾಳೆಹಣ್ಣು ತಂದಿದ್ದರು, ಒಂದೊಂದು ತಿಂದೆವು. ತಟ್ಟೆಗಳನ್ನು ಮಗಳೇ ಒಯ್ದು ಇಟ್ಟಳು, ನಾನು ತಡೆಯಲಿಲ್ಲ. ಎಲ್ಲರೂ ಮಲಗಿದ ಮೇಲೆ ಜಪಸರ ಹಿಡಿದು ಕೂರುವುದು ನನ್ನ ರೂಢಿ. ಅವತ್ತು ಕೂಸನ್ನು ಪಕ್ಕಕ್ಕೆ ಹಾಕಿಕೊಂಡು ಸುಮ್ಮನೆ ಒರಗಿದ್ದಷ್ಟೇ ಗೊತ್ತು. ಮೊದಲು ನಿದ್ದೆ ಹೋದದ್ದು ನಾನಂತೆ, ಆಮೇಲೆ ಕೂಸು. ಬೆಳಿಗ್ಗೆ ಮಗಳು ಹೇಳಿದಳು.